ಕೋಟೆ ಕಡೆಯ ಫೋನು

ಹೋದ ವಾರ ಹುಣಸೂರಿನ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಆರಿಸೋಕೆ ಅಂತ ಬಗ್ಗಿದವನಿಗೆ ಪಕ್ಕದ ಗೋಣಿಚೀಲದಿಂದ ಮಾಗಳಿ ಬೇರಿನ ವಾಸನೆ ಬಂತು. ಗೊತ್ತಿಲ್ಲದವರಿಗೆ ಅದು ತಿಗಣೆ ಹೊಸಕಿದ ಹಾಗಿರುತ್ತೆ. ಗೊತ್ತಿದ್ದವರಿಗೆ ಬಾಯಲ್ಲಿ ನೀರೂರುತ್ತೆ. ನಾನು ಮೊದಲು ಮೂಗು ಮುಚ್ಚಿಕೊಳ್ಳುವವರ ಪೈಕಿಯವನೇ. ಅದರ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯದ ಹಾಗೆ ಮಾಡಿದವರು ಕೋಟೆಯವರು.

ಕೊತ್ತಂಬರಿ ಸೊಪ್ಪು ಅಲ್ಲೇ ಬಿಟ್ಟು ಅರ್ಧ ಕೆಜಿ ಬೇರು ಕಟ್ಟಿಸಿಕೊಂಡೆ. ಉಪ್ಪಿನಕಾಯಿ ಹಾಕೋಕೆ ನನಗೆ ಬರೋದಿಲ್ಲ. ಮಾರುವ ಹೆಂಗಸು ನನ್ನ ಮುಖ ನೋಡಿ, "ಮನೇಲಿ ಎಂಗಸ್ರಿಗೆ ಕೊಡಿ ಸಾ, ಅವ್ರಿಗೆ ಗೊತ್ತಿರ್ತದೆ" ಅಂದಳು. ಮನೇಲಿ ಯಾರೂ ಇಲ್ಲ ಅಂತ ಸಂತೆಯಲ್ಲಿ ನಿಂತು ಹೇಳೋದಕ್ಕಾಗುತ್ತಾ... ತಲೆಯಾಡಿಸಿ ಬಂದೆ.

ಕೋಟೆಯವರು ಅಂದರೆ ಎಚ್.ಡಿ. ಕೋಟೆಯಲ್ಲಿದ್ದ ನಮ್ಮ ಪಕ್ಕದ ಆಫೀಸಿನವರು. ನಾನು ಹುಣಸೂರಿನಲ್ಲಿ ಕೂತು ಮಾಡುವ ಕೆಲಸವನ್ನೇ ಅವರು ಅಲ್ಲಿ ಕೂತು ಮಾಡುತ್ತಿದ್ದರು. ನನಗಿಂತ ತುಂಬಾ ದೊಡ್ಡವರು, ಗಂಡ ತೀರಿಕೊಂಡಿದ್ದರು, ಮಗಳನ್ನು ಗಡಿಯಾಚೆ ಕೇರಳಕ್ಕೆ ಕೊಟ್ಟಿದ್ದರು. ಅವರಿಗೊಂದು ಹೆಸರಿತ್ತು, ಆದರೆ ನಮ್ಮ ಕೆಲಸದಲ್ಲಿ ಹೆಸರು ಯಾರಿಗೆ ಬೇಕು? ಅವರು ನನಗೆ ಕೋಟೆ, ನಾನು ಅವರಿಗೆ ಹುಣಸೂರು. ಹುಣಸೂರು ಅಂತ ಕೂಡ ಅವರ ಬಾಯಲ್ಲಿ ಬರುತ್ತಿರಲಿಲ್ಲ, ಉಣ್ಸೂರು.

ನಮ್ಮ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ನಾಳೆ ಎಲ್ಲಿ ಎಷ್ಟು ಮಳೆ, ಎಷ್ಟು ಬಿಸಿಲು ಅಂತ ರೈತರ ಮೊಬೈಲಿಗೆ ಹೋಗುತ್ತಲ್ಲ, ಅದನ್ನು ತಯಾರು ಮಾಡೋದು. ಕಂಪ್ಯೂಟರಿನಲ್ಲಿ ತಾಲ್ಲೂಕಿನ ನಕ್ಷೆ ಇರುತ್ತದೆ. ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿರುತ್ತಾರೆ, ಚೌಕಬಾರದ ಮನೆಯ ಹಾಗೆ. ಬೆಳಿಗ್ಗೆ ಮಿಷನ್ನು ಲೆಕ್ಕ ಹಾಕಿ ಪ್ರತಿ ಚೌಕಕ್ಕೂ ಒಂದು ಅಂಕಿ ತುಂಬಿ ಕಳಿಸುತ್ತದೆ. ಮಿಷನ್ನಿಗೆ ನಮ್ಮೂರಿನ ಗುಡ್ಡ, ಕೆರೆ ಗೊತ್ತಿಲ್ಲವಲ್ಲ, ಅದಕ್ಕೇ ನಾವು ಕೂತು ಆ ಅಂಕಿಗಳನ್ನು ತಿದ್ದಬೇಕು. ಹುಣಸೂರಿನ ಚೌಕ ನನ್ನದು, ಕೋಟೆಯದು ಅವರದು, ಪಿರಿಯಾಪಟ್ಟಣ, ಕೆ.ಆರ್. ನಗರಕ್ಕೆ ಬೇರೆ ಬೇರೆಯವರು.

ತಕರಾರು ಬರುತ್ತಿದ್ದದ್ದು ತಾಲ್ಲೂಕುಗಳ ಗಡಿಯಲ್ಲಿ. ನನ್ನ ಕೊನೇ ಚೌಕದಲ್ಲಿ ಒಣ ಹವೆ, ಅದಕ್ಕೆ ಅಂಟಿಕೊಂಡ ಅವರ ಚೌಕದಲ್ಲಿ ಜೋರು ಮಳೆ ಅಂತಿದ್ದರೆ, ಮಧ್ಯೆ ಒಂದು ಕೆಂಪು ಗೆರೆ ಎದ್ದು ನಿಲ್ಲುತ್ತಿತ್ತು. ಒಂದೇ ಬದುವಿನ ಆ ಕಡೆಯವನಿಗೆ ಒಂದು ಮೆಸೇಜು, ಈ ಕಡೆಯವನಿಗೆ ಇನ್ನೊಂದು ಮೆಸೇಜು ಹೋದರೆ ಇಬ್ಬರೂ ಸೇರಿ ನಮ್ಮನ್ನು ಬೈಯುತ್ತಾರೆ. ಹಾಗಾಗಿ ಸಂಜೆ ಕಳಿಸುವ ಮುಂಚೆ ಪಕ್ಕದ ಆಫೀಸಿನವರ ಜೊತೆ ಮಾತಾಡಿ ಕೆಂಪು ಗೆರೆ ಅಳಿಸಬೇಕು ಅನ್ನೋದು ನಿಯಮ. ಪಿರಿಯಾಪಟ್ಟಣದವರೂ ಕೆ.ಆರ್. ನಗರದವರೂ ಸ್ಕ್ರೀನಿನ ಮೂಲೆಯಲ್ಲಿದ್ದ ಚಾಟಿನಲ್ಲಿ 'ಓಕೆ' ಅಂತ ಹಾಕಿ ಮುಗಿಸಿಬಿಡುತ್ತಿದ್ದರು. ಕೋಟೆಯವರಿಗೆ ಟೈಪು ಮಾಡೋದೆಂದರೆ ಆಗುತ್ತಿರಲಿಲ್ಲ. ಮಧ್ಯಾಹ್ನ ಟೀ ಹೊತ್ತಿಗೆ ಆಫೀಸಿನ ಮೊಬೈಲಿಗೆ ಫೋನೇ ಬರುತ್ತಿತ್ತು.

"ಏನಪ್ಪಾ ಉಣ್ಸೂರು, ಉಂಡ್ಯಾ?"

ಮೊದಲ ದಿನ ನನಗೆ ಸಿಟ್ಟು ಬಂತು. ನಾನು ಸ್ವಲ್ಪ ಸಿಡುಕ, ಒಪ್ಪಿಕೊಳ್ಳುತ್ತೇನೆ. ಊಟ ಮಾಡಿದರೆ ಇವರಿಗೇನು, ಬಿಟ್ಟರೆ ಇವರಿಗೇನು, ಮಳೆ ಎಷ್ಟು ಹಾಕಿದ್ದೀರಿ ಹೇಳಿ ಅಂತ ಅನ್ನಬೇಕು ಅನ್ನಿಸಿತು. ಆದರೆ ನಿಜ ಹೇಳಬೇಕೆಂದರೆ, ಯಾರಾದರೂ ನನ್ನನ್ನು ಆ ಮಾತು ಕೇಳಿ ಬಹಳ ಕಾಲವಾಗಿತ್ತು. ಮದುವೆಯಾಗಿದ್ದೆ, ಅದು ಉಳಿಯಲಿಲ್ಲ. ಅಮ್ಮ ತೀರಿಕೊಂಡ ವರ್ಷವೇ ಹುಣಸೂರಿಗೆ ವರ್ಗವಾಯಿತು. ಆಫೀಸು ಅಂದರೆ ಒಂದು ಹಳೇ ಕಟ್ಟಡದ ಹಿಂದಿನ ಎರಡು ರೂಮು. ಜೊತೆಗಿದ್ದ ಟೆಕ್ನಿಷಿಯನ್ನು ಬೆಳಿಗ್ಗೆ ಸಹಿ ಹಾಕಿ ಮಳೆಮಾಪಕ ನೋಡಿಕೊಂಡು ಬರುತ್ತೇನೆ ಅಂತ ಹೊರಟರೆ ಮುಗೀತು. ರೂಮಿಗೆ ಹೋದರೆ ಅಲ್ಲಿ ನಾನೊಬ್ಬನೇ, ಆಫೀಸಿಗೆ ಬಂದರೆ ಇಲ್ಲೂ ನಾನೊಬ್ಬನೇ. ಕೆಲವು ದಿನ ಆ ಫೋನಿಗೆ "ಹಲೋ" ಅಂದಾಗಲೇ ಗೊತ್ತಾಗುತ್ತಿತ್ತು, ಬೆಳಗಿನಿಂದ ಬಾಯಿಯೇ ಬಿಟ್ಟಿಲ್ಲ ಅಂತ. ಗಂಟಲು ಕಟ್ಟಿಕೊಂಡಿರುತ್ತಿತ್ತು.

ಹೀಗೆ ಶುರುವಾಯಿತು. ಮೇಡಂ ಅನ್ನುತ್ತಿದ್ದವನು ಯಾವಾಗ ಅಕ್ಕ ಅನ್ನೋಕೆ ಹಿಡಿದೆನೋ ಗೊತ್ತಿಲ್ಲ.

ಚೌಕಾಸಿ ಮಾಡೋದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಮಳೆಯನ್ನೂ ಬದನೆಕಾಯಿ ಹಾಗೆ ಚೌಕಾಸಿ ಮಾಡುತ್ತಿದ್ದರು.

"ನಿಮ್ಮದು ಜಾಸ್ತಿ ಆಯ್ತು ಅಕ್ಕ. ಇಪ್ಪತ್ತು ಮಿಲಿಮೀಟರಿಗೆ ಇಳೀರಿ."

"ಮೂವತ್ತು. ಅದ್ರಿಂದ ಕೆಳೀಕೆ ಒಂದ್ ಕಾಸು ಬರಾಕಿಲ್ಲ."

"ನನ್ನ ಕಡೆ ಮೋಡವೇ ಇಲ್ಲ."

"ನಿನ್ ಕಡೆ ಇಲ್ದಿದ್ರೆ ಎಲ್ಲಾ ಕಾಕನಕೋಟೆ ಕಾಡ್ ಮ್ಯಾಲೆ ಅದೆ ಕಣಪ್ಪ. ಬಾ, ಬಂದ್ ನೋಡು."

ಅವರಿಗೆ ಕಾಡಂಚಿನ ಊರುಗಳಿಂದ ಜನ ಫೋನು ಮಾಡಿ ಮೋಡ ಹೇಗಿದೆ ಹೇಳುತ್ತಿದ್ದರು. ನಾನು ಉಪಗ್ರಹದ ಚಿತ್ರ ನಂಬುವವನು. ಒಂದು ದಿನ ಅವರು ಸರಿ, ಒಂದು ದಿನ ನಾನು ಸರಿ. ಇಬ್ಬರದೂ ತಪ್ಪಾದ ದಿನ ಮಾತ್ರ ಮಾರನೇ ದಿನದ ಫೋನು ಬಹಳ ಹೊತ್ತು ನಡೆಯುತ್ತಿತ್ತು. ಕೊನೆಗೆ ಅರ್ಧ ನಿಂದು ಅರ್ಧ ನಂದು ಅಂತ ಮಧ್ಯದ ಅಂಕಿ ಹಾಕಿ ರಾಜಿಯಾಗುತ್ತಿದ್ದೆವು. ಕೆಂಪು ಗೆರೆ ಹೋದ ಮೇಲೂ ಫೋನು ಇಡುತ್ತಿರಲಿಲ್ಲ. ಮಗಳ ಮನೆಯಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆ ಹಾಕುತ್ತಾರೆ ಅನ್ನೋದು, ಅಂತರಸಂತೆಯ ಬಸ್ಸಿನಲ್ಲಿ ಯಾರದೋ ಕೋಳಿ ತಪ್ಪಿಸಿಕೊಂಡದ್ದು, ನನ್ನ ಸಾರಿಗೆ ಹುಣಸೆ ಜಾಸ್ತಿ ಆದರೆ ಏನು ಮಾಡಬೇಕು ಅನ್ನೋದು...

ಮಾಗಳಿ ಬೇರಿನ ಉಪ್ಪಿನಕಾಯಿ ಬಂದದ್ದೂ ಹಾಗೆಯೇ. ಬರೀ ಮೊಸರನ್ನ ತಿಂದೆ ಅಂದಿದ್ದಕ್ಕೆ ಮಾರನೇ ದಿನ ಒಂದು ಗಾಜಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕೋಟೆ ಬಸ್ಸಿನ ಡ್ರೈವರ್ ಕೈಲಿ ಕೊಟ್ಟು ಕಳಿಸಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅವನು ಅದನ್ನು ನನ್ನ ಕೈಗಿಟ್ಟು, "ತಕಳಿ ಸಾ, ಬಸ್ಸೆಲ್ಲಾ ಗಬ್ಬೆದ್ದೋಯ್ತು" ಅಂದ. ಖಾಲಿ ಬಾಟಲಿ ವಾಪಸ್ಸು ಕಳಿಸಬಾರದು ಅಂತ ನಾನು ಕೆ.ಆರ್. ನಗರದ ನಮ್ಮೂರಿನ ಅವಲಕ್ಕಿ ತುಂಬಿ ಕಳಿಸಿದೆ. ಅದೊಂದೇ ಬಾಟಲಿ ಎಷ್ಟೋ ಸಲ ಕೋಟೆಗೂ ಹುಣಸೂರಿಗೂ ಓಡಾಡಿತು. ನಾವಿಬ್ಬರು ಮಾತ್ರ ಒಮ್ಮೆಯೂ ಓಡಾಡಲಿಲ್ಲ. ಹೋದರೆ ಒಂದೂವರೆ ಗಂಟೆಯ ದಾರಿ, ಅದೇನು ಅಮೆರಿಕವೇ? ಯಾವಾಗ ಬೇಕಾದರೂ ಹೋಗಬಹುದು ಅಂತಲೇ ಹೋಗಲಿಲ್ಲ.

ಒಂದು ರಾಗಿ ಕೊಯ್ಲಿನ ಕಾಲದಲ್ಲಿ ನಾವಿಬ್ಬರೂ ಸೇರಿ ಒಂದು ಎಡವಟ್ಟು ಮಾಡಿದೆವು. ಬೇರೆ ಯಾರಿಂದಲೂ ಅಂಥದ್ದು ಆಗುತ್ತಿರಲಿಲ್ಲ ಅಂತ ಇವತ್ತಿಗೂ ಅನ್ನಿಸುತ್ತೆ.

ಅವತ್ತು ಅಕ್ಕ ಗಡಿಯ ಚೌಕಗಳಿಗೆ ಜೋರು ಮಳೆ ಹಾಕಿದ್ದರು. ನಾನು ಹನಿಯೂ ಇಲ್ಲ ಅಂತ ಹಾಕಿದ್ದೆ. ಅವರು ಇಳಿಯಲಿಲ್ಲ, ನಾನು ಏರಲಿಲ್ಲ. ಮಧ್ಯದ ಅಂಕಿಗೂ ಇಬ್ಬರೂ ಒಪ್ಪಲಿಲ್ಲ. "ಜನ ರಾಗಿ ಕುಯ್ದು ಬುಟ್ಟವ್ರೆ, ನೆಂದೋದ್ರೆ ನೀನ್ ಬಂದ್ ಒಣಗಿಸ್ತೀಯ?" ಅಂತ ಅವರು ಅಂದರು. "ಸುಮ್ಮನೆ ಹೆದರಿಸಿದರೆ ನಾಳೆ ಯಾರೂ ನಮ್ಮ ಮಾತು ನಂಬೋದಿಲ್ಲ" ಅಂತ ನಾನಂದೆ. ದನಿ ಏರಿತು. ನಾನೇ ಫೋನು ಇಟ್ಟೆ.

ಇಟ್ಟ ಮೇಲೆ ಕೂರಲಾಗಲಿಲ್ಲ. ಹಿರಿಯರು, ಅಷ್ಟು ಹೇಳುತ್ತಿದ್ದಾರೆ, ಇರಲಿ ಬಿಡು ಅಂತ ನನ್ನ ಚೌಕಗಳಿಗೂ ಅವರು ಹೇಳಿದಷ್ಟೇ ಮಳೆ ತುಂಬಿದೆ. ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಅವತ್ತು ನೆಟ್‌ವರ್ಕು ಎಳೆದಾಡುತ್ತಿತ್ತು. ನಾನು ತಿದ್ದಿದ್ದು ಇನ್ನೂ ಆ ಕಡೆ ತಲುಪಿಲ್ಲ, ತಲುಪಿದಾಗ ತಾನೇ ಅಳಿಸಿಹೋಗುತ್ತೆ ಅಂದುಕೊಂಡು ಕಳಿಸುವ ಗುಂಡಿ ಒತ್ತಿ ರೂಮಿಗೆ ಹೋದೆ. ಸೋತವನೇ ಆದರೂ ಮನಸ್ಸು ಹಗುರವಾಗಿತ್ತು.

ಆ ಕಡೆ ಕೋಟೆಯಲ್ಲಿ ಅಕ್ಕನೂ ಅದನ್ನೇ ಮಾಡಿದ್ದರು. ಪಾಪ, ಹುಡುಗ ಮುನಿಸಿಕೊಂಡ, ಅವನದೇ ಇರಲಿ ಅಂತ ತಮ್ಮ ಚೌಕಗಳ ಮಳೆಯನ್ನೆಲ್ಲಾ ತೆಗೆದು ಒಣ ಹವೆ ಹಾಕಿದ್ದರು. ಗೆರೆ ಉಳಿದದ್ದಕ್ಕೆ ಅವರೂ ನೆಟ್‌ವರ್ಕನ್ನೇ ಬೈದುಕೊಂಡು ಮನೆಗೆ ಹೋಗಿದ್ದರು.

ಅಂದರೆ ಅವರ ಮಳೆ ನನ್ನ ತಾಲ್ಲೂಕಿಗೆ ಬಂತು, ನನ್ನ ಬಿಸಿಲು ಅವರ ತಾಲ್ಲೂಕಿಗೆ ಹೋಯಿತು. ಮಾರನೇ ದಿನ ನಿಜವಾದ ಮಳೆ ಏನು ಮಾಡಿತು ಗೊತ್ತೇ? ಕೋಟೆ ಕಡೆ ಚೆನ್ನಾಗಿ ಹೊಡೆದು, ನೆಟ್ಟಗೆ ಗಡಿಗೆ ಬಂದು ನಿಂತಿತು. ಹುಣಸೂರಿನ ಕಡೆಗೆ ಹನಿ ಬೀಳಲಿಲ್ಲ. ಮೊದಲು ಇಬ್ಬರೂ ಹಾಕಿದ್ದೇ ಸರಿಯಿತ್ತು. ಹಟ ಹಿಡಿದು ಕೂತಿದ್ದರೆ ಇಬ್ಬರೂ ಗೆಲ್ಲುತ್ತಿದ್ದೆವು.

ಅವರ ಕಡೆ ಕೆಲವರ ರಾಗಿ ತೆನೆ ನೆನೆಯಿತು. ನನ್ನ ಕಡೆಯವರು ಬಿಸಿಲಲ್ಲಿ ಟಾರ್ಪಾಲು ಹೊದಿಸಿಕೊಂಡು ಕೂತು ನಮ್ಮ ವಂಶವನ್ನೆಲ್ಲಾ ನೆನೆದರು. ಎರಡು ಕಡೆಯಿಂದಲೂ ಬೈಗುಳ ತಿಂದ ಮೇಲೆ ಟೀ ಹೊತ್ತಿಗೆ ಫೋನು ಬಂತು. ಬಹಳ ಹೊತ್ತು ಅಕ್ಕ ಮಾತೇ ಆಡಲಿಲ್ಲ. ಅಳುತ್ತಿದ್ದಾರೇನೋ ಅಂದುಕೊಂಡೆ. ನೋಡಿದರೆ ಉಸಿರು ಕಟ್ಟಿಕೊಂಡು ನಗುತ್ತಿದ್ದಾರೆ. ನನಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಸುಸ್ತಾದ ಮೇಲೆ ಅವರು ದನಿ ತಗ್ಗಿಸಿ ಹೇಳಿದ್ದು ಇಷ್ಟು:

"ನೋಡಪ್ಪ, ಜನದ್ ರಾಗಿ ನೆಂದೋಯ್ತು, ಅದು ತಮಾಸೆ ಅಲ್ಲ. ಇನ್ಮ್ಯಾಲೆ ಸೋಲಾದಾದ್ರೆ ಯೋಳ್ಬುಟ್ಟು ಸೋಲು. ನಾನೂವೆ ಅಂಗೇ ಮಾಡ್ತೀನಿ."

ಅಂದಿನಿಂದ ಅದೇ ನಮ್ಮ ರೂಢಿಯಾಯಿತು. ಯಾರು ಇಳಿದುಬಂದರೂ ಫೋನಿನಲ್ಲಿ ಬಾಯಿಬಿಟ್ಟು "ಸೋತೆ" ಅನ್ನಬೇಕು. ಅದನ್ನು ಇನ್ನೊಬ್ಬರು ಕೇಳಿಸಿಕೊಂಡ ಮೇಲೆಯೇ ಅಂಕಿ ಮುಟ್ಟಬೇಕು. "ಸೋತೆ ಕಣಪ್ಪ ಉಣ್ಸೂರು" ಅಂತ ಅವರು ಅಂದಾಗ, ನಾನು ಗೆದ್ದಿದ್ದೇನೆ ಅನ್ನೋದಕ್ಕಿಂತ ಹೆಚ್ಚಾಗಿ, ಯಾರೋ ನನ್ನ ಹತ್ತಿರ ಬಂದು ಕೂತ ಹಾಗೆ ಇರುತ್ತಿತ್ತು.

ಆಮೇಲೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು.

ಅದರಲ್ಲಿ ಕೆಂಪು ಗೆರೆ ಇರಲಿಲ್ಲ. ಗಡಿಯ ಎರಡೂ ಕಡೆಯ ಅಂಕಿಗಳನ್ನು ಅದೇ ತೆಗೆದುಕೊಂಡು, ಅದೇ ನಯವಾಗಿ ಬೆಸೆದು ಬಿಡುತ್ತಿತ್ತು. ಈ ಕಡೆಯ ಒಣ ಹವೆ ಯಾವಾಗ ಆ ಕಡೆಯ ಮಳೆಯಾಯಿತು ಅಂತ ಕಣ್ಣಿಗೇ ಕಾಣುತ್ತಿರಲಿಲ್ಲ. ತರಬೇತಿ ಕೊಟ್ಟವರು, ಇನ್ನು ಪಕ್ಕದ ಆಫೀಸಿನ ಜೊತೆ ಮಾತಾಡುವ ತಾಪತ್ರಯ ಇಲ್ಲ ಅಂತ ಖುಷಿಯಿಂದ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಒಂದಷ್ಟು ದಿನ ಫೋನು ಬಂತು. ನಾನೂ ಮಾಡಿದೆ. ಆದರೆ ಚೌಕಾಸಿಗೆ ಏನೂ ಇರಲಿಲ್ಲವಲ್ಲ. ಮಳೆಯ ಮಾತಿಲ್ಲದೆ ಸೀದಾ ಊಟದ ಮಾತಿಗೆ ಬಂದರೆ ಯಾಕೋ ಸಂಕೋಚ. ಒಂದು ದಿನ ಅಕ್ಕ ಅಂದರು, "ಇನ್ನೇನಪ್ಪ, ಮಿಸನ್ನೇ ರಾಜಿ ಮಾಡ್ತದೆ. ನಿಂಗೂ ಕೆಲ್ಸ ಕಮ್ಮಿ ಆಯ್ತು ಬುಡು." ಅವರಿಗೆ ಬಿಡುವು ಬೇಕಾಗಿದೆ, ಬಾಯಿಬಿಟ್ಟು ಹೇಳಲಾರದೆ ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ. "ಹೂಂ ಅಕ್ಕ, ನಿಮಗೂ ದಿನಾ ನನ್ನ ಕಾಟ ತಪ್ಪಿತು" ಅಂದೆ. ಆ ಕಡೆಯಿಂದ ಅವರು "ಊಂ..." ಅಂದರು. ಅಷ್ಟೇ.

ಮಾರನೇ ದಿನ ಅವರೇ ಮಾಡಲಿ ಅಂತ ಕಾದೆ. ಅದರ ಮಾರನೇ ದಿನವೂ ಕಾದೆ. ಕೆಲಸವಿಲ್ಲದೆ ಫೋನು ಮಾಡಿ ಹಿರಿಯರಿಗೆ ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಾದೆ. ಟೀ ಹೊತ್ತಿಗೆ ಮೊಬೈಲನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಡೋದು ಮಾತ್ರ ಬಿಡಲಿಲ್ಲ. ಆ ಮಳೆಗಾಲವೆಲ್ಲಾ ಒಂದೇ ಒಂದು ಕೆಂಪು ಗೆರೆ ಬರಲಿ ಅಂತ ಸ್ಕ್ರೀನನ್ನು ನೋಡಿದ್ದೇ ನೋಡಿದ್ದು. ಮತ್ತೆ ದಿನವೆಲ್ಲಾ ಯಾರ ದನಿಯೂ ಇಲ್ಲದ ಹಾಗಾಯಿತು. ಮೊದಲೂ ಹಾಗೇ ಇತ್ತಲ್ಲ, ಆದರೆ ಮೊದಲು ಅದು ಇಷ್ಟು ಕಚ್ಚುತ್ತಿರಲಿಲ್ಲ.

ಅವರು ನಿವೃತ್ತಿಯಾದದ್ದು ಗೊತ್ತಾಗಿದ್ದೂ ಸ್ಕ್ರೀನಿನಿಂದಲೇ. ಒಂದು ಬೆಳಿಗ್ಗೆ ಕೋಟೆ ಅಂತ ಇದ್ದ ಕಡೆ ಬೇರೆ ಯಾರದೋ ಹೆಸರು ಬಂತು. ಅವರ ಸ್ವಂತ ನಂಬರು ನನ್ನ ಹತ್ತಿರ ಇರಲಿಲ್ಲ. ನಾವು ಮಾತಾಡಿದ್ದೆಲ್ಲಾ ಆಫೀಸಿನ ಮೊಬೈಲಿನಲ್ಲೇ. ಅದೀಗ ಆ ಹೊಸಬರ ಕೈಯಲ್ಲಿತ್ತು. ಮಾಡಿ ಏನಂತ ಕೇಳಲಿ? ನಾನು ಯಾರು ಅಂತ ಹೇಳಲಿ?

ಈ ವರ್ಷ ಕೋಟೆ ಆಫೀಸನ್ನು ಮುಚ್ಚಿ ನಮ್ಮದಕ್ಕೆ ಸೇರಿಸಿದರು. ಅಲ್ಲಿದ್ದ ಕಂಪ್ಯೂಟರು, ಮಳೆಮಾಪಕ ತರೋಕೆ ನಾನೇ ಜೀಪಿನಲ್ಲಿ ಹೋದೆ. ಮೊದಲ ಸಲ ಆ ಆಫೀಸಿಗೆ ಹೋದದ್ದು ಅದನ್ನು ಖಾಲಿ ಮಾಡೋಕೆ. ಅಲ್ಲಿ ಗುಡಿಸಿ ಒರೆಸಿ ಟೀ ಕಾಯಿಸಿಕೊಡುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಹುಣಸೂರಿನಿಂದ ಬಂದಿದ್ದೀನಿ ಅಂದ ತಕ್ಷಣ ಕೈಲಿದ್ದ ಪೊರಕೆ ಕೆಳಗಿಟ್ಟರು.

"ಉಣ್ಸೂರು ಅಂದ್ರೆ... ಪೋನ್ ಮಾಡ್ತಿದ್ರಲ್ಲ, ಆ ಉಣ್ಸೂರಾ?"

ಹೌದು ಅಂದೆ. ಮೇಡಂ ಈಗೆಲ್ಲಿದ್ದಾರೆ ಅಂತ ಕೇಳಿದೆ. ನಿಮಗೆ ಗೊತ್ತಿಲ್ಲವಾ ಅಂದರು. ನಿವೃತ್ತಿಯಾಗಿ ಮಗಳ ಊರಿಗೆ ಹೋದ ಮೇಲೆ ಬಹಳ ದಿನ ಉಳಿಯಲಿಲ್ಲವಂತೆ. ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದ್ದರಂತೆ, ವಾಪಸ್ಸು ಬರಲಿಲ್ಲವಂತೆ. ಆಗಲೇ ವರ್ಷವಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ಯಾರಾದರೂ ಯಾಕೆ ತಿಳಿಸುತ್ತಾರೆ, ನಾನು ಅವರಿಗೇನಾಗಬೇಕು ಅಂತ ಯಾರಿಗೆ ಗೊತ್ತಿತ್ತು?

ಕೂತುಕೊಳ್ಳಿ ಅಂತ ಕುರ್ಚಿ ಎಳೆದುಕೊಟ್ಟು ಅವರೇ ಮುಂದುವರಿಸಿದರು. "ಆ ಒಸ ಕಂಪ್ಯೂಟ್ರು ಬಂದ್ ಮ್ಯಾಕೆ ಮೇಡಮ್ಮೋರು ದಿನಾ ಟೀ ತಕಂಡು ಪೋನ್ ಮುಂದ್ಕೇ ಕೂರೋರು ಸಾ. ನೀವೇ ಮಾಡಿ ಅಂದ್ರೆ, ಬ್ಯಾಡ ಕಣಮ್ಮಿ, ಆ ಮಗ್ಗೆ ಕೆಲ್ಸ ಇರ್ತದೆ, ಬುಡುವಾದಾಗ ಅವ್ನೇ ಮಾಡ್ತಾನೆ ಅನ್ನೋರು. ಟೀ ಆರೋಗೋದು. ನಾನ್ ಇನ್ನೊಂದ್ಕಿತ ಕಾಯಿಸ್ಕೊಡ್ತಿದ್ದೆ."

ತಮ್ಮ ಫೋನಿನಲ್ಲಿ ಮೇಡಮ್ಮವರ ಫೋಟೋ ಇದೆ, ತೋರಿಸಲಾ ಅಂದರು. ಬೇಡ ಅಂದೆ. ಆ ದನಿಗೆ ಇಷ್ಟು ವರ್ಷ ನಾನೇ ಒಂದು ಮುಖ ಕೊಟ್ಟುಕೊಂಡಿದ್ದೆ, ಅದು ಹಾಗೇ ಇರಲಿ ಅನ್ನಿಸಿತು.

ವಾಪಸ್ಸು ಬರುವಾಗ ಜೀಪಿನ ಡ್ರೈವರ್ ಮಳೆ ಬರುತ್ತಾ ಸಾರ್ ಅಂತ ಕೇಳಿದ, ಗೊತ್ತಿಲ್ಲ ಅಂದೆ. ರಾಗಿಯ ವರ್ಷದ ಎಡವಟ್ಟನ್ನೇ ನಾವಿಬ್ಬರು ಮತ್ತೆ ಮಾಡಿದ್ದೆವು. ಅವರು ನನಗೋಸ್ಕರ ಸುಮ್ಮನಾದರು, ನಾನು ಅವರಿಗೋಸ್ಕರ ಸುಮ್ಮನಾದೆ. ಹೇಳಿ ಸೋಲಬೇಕು ಅಂತ ನಿಯಮ ಮಾಡಿಕೊಂಡಿದ್ದವರೇ, ಇಬ್ಬರೂ ಹೇಳದೆ ಸೋತೆವು. ಆ ಸಲ ರಾಗಿ ನೆಂದಿತ್ತು. ಈ ಸಲ...

ಈಗ ಕೋಟೆಯ ಚೌಕಗಳೂ ನನ್ನವೇ. ಗಡಿಯ ಎರಡೂ ಕಡೆ ನಾನೊಬ್ಬನೇ ಕೂತು ತಿದ್ದುತ್ತೇನೆ, ಯಾರನ್ನೂ ಕೇಳಬೇಕಾಗಿಲ್ಲ. ಸಂತೆಯಿಂದ ತಂದ ಮಾಗಳಿ ಬೇರು ಆಫೀಸಿನ ಕಿಟಕಿಯಲ್ಲಿ ಕಾಗದದ ಮೇಲೆ ಒಣಗುತ್ತಿದೆ. ಪಕ್ಕದಲ್ಲೇ ಆ ಗಾಜಿನ ಬಾಟಲಿ ಇದೆ. ಕೊನೆಯ ಸಲ ಅದು ಈ ಕಡೆ ಬಂದಿತ್ತು, ತುಂಬಿ ಕಳಿಸುವ ಸರದಿ ನನ್ನದಿತ್ತು. ಟೆಕ್ನಿಷಿಯನ್ನು ಒಳಗೆ ಬಂದು ಏನು ಸಾರ್ ವಾಸನೆ ಅಂತ ಮೂಗು ಮುಚ್ಚಿಕೊಂಡು ಹೊರಗೆ ಹೋದ.

ನಿನ್ನೆ ಮಧ್ಯಾಹ್ನ ಕಾಕನಕೋಟೆಯ ಚೌಕಗಳಿಗೆ ಮಿಷನ್ನು ಬರೀ ತುಂತುರು ತುಂಬಿತ್ತು. ಉಪಗ್ರಹದ ಚಿತ್ರ ನೋಡಿದೆ, ನನಗೂ ತುಂತುರೇ ಅನ್ನಿಸಿತು. ಆದರೆ ಅಕ್ಕ ಇದ್ದಿದ್ದರೆ ಮೂವತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ ಅಂತ ಗೊತ್ತಿತ್ತು. ಕಾಡಂಚಿನ ಒಂದು ಊರಿಗೆ ಫೋನು ಮಾಡಿದೆ. ಅಲ್ಲಿಯವರು ಮೋಡ ಕಪ್ಪಾಗಿ ಇಳಿದಿದೆ ಅಂದರು. ಕೋಟೆಯ ಕಡೆ ಮೂವತ್ತು ಹಾಕಿದೆ.

ಟೀ ಆರಿತ್ತು. ಆಫೀಸಿನಲ್ಲಿ ಯಾರೂ ಇರಲಿಲ್ಲ. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಮೊಬೈಲಿನ ಕಡೆ ನೋಡಿ, ಬಾಯಿಬಿಟ್ಟೇ ಹೇಳಿದೆ.

"ಸೋತೆ ಕಣಕ್ಕ."